ಸಂಘದ ಜಾಲತಾಣ: ವಿನ್ಯಾಸದಿಂದ ಲೋಕಾರ್ಪಣೆಯವರೆಗೆ ಕಲಿತ ಪಾಠಗಳು

ಹೊರನಾಡಿನ ಕನ್ನಡ ಸಂಘಕ್ಕೆ ಜಾಲತಾಣ ಏಕೆ ಬೇಕು ಎಂದು ಇಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಇಂದು ಕಟ್ಟಿದ ತಾಣವು ಇಪ್ಪತ್ತು ವರ್ಷಗಳ ನಂತರವೂ ಓದಲು ದೊರೆಯಬೇಕಾದರೆ ಅದನ್ನು ಹೇಗೆ ಕಟ್ಟಬೇಕು? ತವರುನಾಡಿನ ಸಂಸ್ಥೆಯ ಚಟುವಟಿಕೆಗಳನ್ನು ಅಲ್ಲಿನ ಪತ್ರಿಕೆಗಳೂ ಗ್ರಂಥಾಲಯಗಳೂ ಅಷ್ಟಿಷ್ಟು ದಾಖಲಿಸುತ್ತವೆ. ಮುಂಬಯಿ, ಪುಣೆ, ದೆಹಲಿ, ಚೆನ್ನೈ, ಹೈದರಾಬಾದುಗಳಲ್ಲಿ ಕನ್ನಡಿಗರು ಆಡಿದ ನಾಟಕ, ನಡೆಸಿದ ರಾತ್ರಿಶಾಲೆ, ಹೊರತಂದ ಸ್ಮರಣ ಸಂಚಿಕೆಗಳಿಗೆ ಬಹುಮಟ್ಟಿಗೆ ಸಂಘದ ಕಪಾಟೇ ಏಕೈಕ ಭಂಡಾರ. ಆ ಕಪಾಟಿನ ಸ್ಥಾನವನ್ನು ಈಗ ಜಾಲತಾಣವು ವಹಿಸಿಕೊಂಡಿದೆ. ಆದ್ದರಿಂದ ಅದರ ನಿರ್ಮಾಣದಲ್ಲಿ ಆಗುವ ತಪ್ಪು ಕೇವಲ ತಾಂತ್ರಿಕ ತಪ್ಪಾಗಿ ಉಳಿಯುವುದಿಲ್ಲ.

ಈ ಮಾತನ್ನು ಅನುಭವದಿಂದಲೇ ಹೇಳಬೇಕಾಗಿದೆ. ನಮ್ಮ ಸಂಘದ ಮೊದಲ ಜಾಲತಾಣವು ಕೆಲವು ವರ್ಷಗಳ ಕಾಲ ಚೆನ್ನಾಗಿಯೇ ನಡೆದು, ಒಂದು ದಿನ ಯಾರ ಗಮನಕ್ಕೂ ಬಾರದೆ ಕಣ್ಮರೆಯಾಯಿತು. ಹಿರಿಯ ಸದಸ್ಯರ ಸಂದರ್ಶನಗಳು, ಕಾರ್ಯಕ್ರಮಗಳ ವರದಿಗಳು, ಛಾಯಾಚಿತ್ರಗಳು ಎಲ್ಲವೂ ಅದರೊಡನೆ ಹೋದವು. ಎರಡನೆಯ ತಾಣವನ್ನು ಕಟ್ಟುವಾಗ ಹಳೆಯದನ್ನು ಹುಡುಕಿ ತೆಗೆಯುವ ಕೆಲಸವೂ ಜೊತೆಗೇ ಬಂದಿತು. ಆ ಎರಡೂ ಕೆಲಸಗಳಿಂದ ಕಲಿತದ್ದನ್ನು, ಇಂಥದೇ ಕಾರ್ಯಕ್ಕೆ ಕೈಹಾಕುವ ಇತರ ಸಂಘಗಳ ಉಪಯೋಗಕ್ಕಾಗಿ ಇಲ್ಲಿ ಕ್ರಮವಾಗಿ ಕೊಡಲಾಗಿದೆ.

ಕನ್ನಡ ಜಾಲತಾಣಗಳು ನಡೆದು ಬಂದ ದಾರಿ

ಕನ್ನಡದ ಮೊದಲ ಜಾಲತಾಣವೆಂದು ಗುರುತಿಸಲಾಗುವ ‘ವಿಶ್ವಕನ್ನಡ’ವನ್ನು ಡಾ. ಯು. ಬಿ. ಪವನಜ ಅವರು 1996ರಲ್ಲಿ ಆರಂಭಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶವು ಬಂದಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಅಳವಡಿಸಿಕೊಂಡ ‘ನುಡಿ’ಯನ್ನು ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿತು. ಈ ತಂತ್ರಾಂಶಗಳಿಂದ ಸಾಮಾನ್ಯ ಕನ್ನಡಿಗನೂ ಗಣಕದಲ್ಲಿ ಬರೆಯುವಂತಾಯಿತು; ದೂರದ ಊರುಗಳ ಸಂಘಗಳೂ ತಮ್ಮ ಪುಟಗಳನ್ನು ತೆರೆದವು.

ಆದರೆ ಆ ಕಾಲದ ಪುಟಗಳು ಬಹುಪಾಲು ಫಾಂಟನ್ನು ಅವಲಂಬಿಸಿದ್ದವು. ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಲಾಗುತ್ತಿತ್ತು. ಗಣಕದ ಪಾಲಿಗೆ ಅದು ಕನ್ನಡವೇ ಅಲ್ಲ. ಕನ್ನಡದ ವೇಷ ತೊಟ್ಟ ಇಂಗ್ಲಿಷ್. ಓದುಗನ ಗಣಕದಲ್ಲಿ ಅದೇ ಫಾಂಟು ಇರದಿದ್ದರೆ ವೇಷ ಕಳಚುತ್ತಿತ್ತು. ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಪದವು ಆಗ ಒಂದು ದೊಡ್ಡಕ್ಷರ ‘ಪಿ’, ತಲೆಯ ಮೇಲೆ ಗೆರೆಯಿರುವ ‘ಎ’, ಪೌಂಡ್ ನಾಣ್ಯದ ಚಿಹ್ನೆ, ಜರ್ಮನ್ ಭಾಷೆಯ ಒಂದು ಅಕ್ಷರ ಹೀಗೆ ಕಾಣಿಸುತ್ತಿತ್ತು. ಫಾಂಟನ್ನು ಪುಟದೊಡನೆಯೇ ಕಳುಹಿಸುವ ‘ಡೈನಮಿಕ್ ಫಾಂಟ್’ ಉಪಾಯವೂ ಇತ್ತು. ಆದರೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಒಂದು ಬಗೆ, ನೆಟ್‌ಸ್ಕೇಪ್‌ಗೆ ಇನ್ನೊಂದು ಬಗೆ. ಆ ಎರಡು ವೀಕ್ಷಕಗಳೂ ಇಂದು ಬಳಕೆಯಲ್ಲಿಲ್ಲ.

ಯುನಿಕೋಡ್ ಶಿಷ್ಟತೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ವಿಭಾಗವಿತ್ತು. ಜನಸಾಮಾನ್ಯರ ಗಣಕದಲ್ಲಿ ಅದು ಬಳಕೆಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರೊಡನೆ ಬಂದ ‘ತುಂಗಾ’ ಫಾಂಟಿನ ನಂತರ. ಕನ್ನಡ ವಿಕಿಪೀಡಿಯವು 2003ರಲ್ಲಿ ಯುನಿಕೋಡಿನಲ್ಲಿಯೇ ಆರಂಭವಾಯಿತು. ಆಂಡ್ರಾಯ್ಡ್ ದೂರವಾಣಿಗಳಲ್ಲಿ ಕನ್ನಡವು ಸರಿಯಾಗಿ ಮೂಡಲು 2012ರ ಆವೃತ್ತಿಯವರೆಗೂ ಕಾಯಬೇಕಾಯಿತು. ಹೀಗಾಗಿ ಅನೇಕ ಸಂಘಗಳ ಮೊದಲ ಹತ್ತು ವರ್ಷಗಳ ಬರಹವೆಲ್ಲ ಹಳೆಯ ಫಾಂಟುಗಳ ಸೆರೆಯಲ್ಲಿದೆ ಎಂಬುದನ್ನು ಮೊದಲು ಅರಿಯಬೇಕು.

ಮೊದಲ ಪಾಠ: ಓದುಗರು ಯಾರೆಂದು ತಿಳಿಯುವುದು

ತಾಣದ ಮುಖಪುಟದಲ್ಲಿ ಏನಿರಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೇಳಿದರೆ ಅಧ್ಯಕ್ಷರ ಸಂದೇಶ, ಪದಾಧಿಕಾರಿಗಳ ಭಾವಚಿತ್ರ, ಸಂಘದ ಧ್ಯೇಯೋದ್ದೇಶಗಳು ಎಂಬ ಉತ್ತರ ಬರುತ್ತದೆ. ಆದರೆ ತಾಣಕ್ಕೆ ಬರುವವರು ಕೇಳುವುದು ಬೇರೆ: ಮುಂದಿನ ಕಾರ್ಯಕ್ರಮ ಎಂದು, ಎಲ್ಲಿ? ಸಭಾಗೃಹ ಬಾಡಿಗೆಗೆ ದೊರೆಯುವುದೇ? ಮಕ್ಕಳಿಗೆ ಕನ್ನಡ ತರಗತಿ ಇದೆಯೇ? ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನಾಂಕ ಯಾವುದು? ಸಂಘದ ಕಚೇರಿಗೆ ಒಂದು ತಿಂಗಳು ಬಂದ ದೂರವಾಣಿ ಕರೆಗಳನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡರೆ ಮುಖಪುಟದ ವಿನ್ಯಾಸವು ತಾನಾಗಿಯೇ ಸಿದ್ಧವಾಗುತ್ತದೆ. ಅಧ್ಯಕ್ಷರ ಸಂದೇಶಕ್ಕೆ ಒಳಪುಟದಲ್ಲಿ ಗೌರವದ ಸ್ಥಾನವಿದ್ದರೆ ಸಾಕು.

ಹೊರನಾಡಿನಲ್ಲಿ ಇನ್ನೊಂದು ವಿಶೇಷವಿದೆ. ಇಲ್ಲಿ ಹುಟ್ಟಿ ಬೆಳೆದ ಎರಡನೆಯ, ಮೂರನೆಯ ತಲೆಮಾರಿನವರಲ್ಲಿ ಅನೇಕರು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಮಾತನಾಡುತ್ತಾರೆ. ಓದುವುದು ಮಾತ್ರ ಇಂಗ್ಲಿಷ್, ಹಿಂದಿ ಅಥವಾ ಮರಾಠಿ. ಕನ್ನಡ ತರಗತಿಯ ಪ್ರಕಟಣೆಯನ್ನು ಕನ್ನಡದಲ್ಲಿ ಮಾತ್ರ ಪ್ರಕಟಿಸಿದರೆ ಅದು ತಲುಪಬೇಕಾದವರನ್ನು ಬಿಟ್ಟು ಉಳಿದೆಲ್ಲರನ್ನೂ ತಲುಪುತ್ತದೆ. ನಾವು ಮೊದಲ ಬಾರಿ ಮಾಡಿದ್ದು ಇದೇ ತಪ್ಪು. ಲೇಖನಗಳು ಕನ್ನಡದಲ್ಲಿಯೇ ಇರಲಿ. ಆದರೆ ದಿನಾಂಕ, ಸ್ಥಳ, ತರಗತಿಯ ವಿವರಗಳು ಇಂಗ್ಲಿಷಿನಲ್ಲಿಯೂ ಇರುವುದು ಭಾಷಾಭಿಮಾನಕ್ಕೆ ಕುಂದಲ್ಲ. ಭಾಷೆಯೊಳಗೆ ಬರುವವರಿಗೆ ತೆರೆದಿಟ್ಟ ಬಾಗಿಲು.

ಎರಡನೆಯ ಪಾಠ: ಹಳೆಯ ಬರಹದ ಪರಿವರ್ತನೆ

ಕಳೆದುಹೋದ ನಮ್ಮ ಮೊದಲ ತಾಣದ ಕೆಲವು ಪುಟಗಳು ‘ಇಂಟರ್‌ನೆಟ್ ಆರ್ಕೈವ್’ ಸಂಸ್ಥೆಯ ‘ವೇಬ್ಯಾಕ್ ಮೆಷಿನ್’ನಲ್ಲಿ ದೊರೆತವು. 1996ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯು ಜಗತ್ತಿನ ಜಾಲಪುಟಗಳ ಪ್ರತಿಗಳನ್ನು ಕಾಪಿಡುತ್ತ ಬಂದಿದೆ. 2001ರಿಂದ ಯಾರು ಬೇಕಾದರೂ ಅವನ್ನು ನೋಡಬಹುದು. ಆದರೆ ದೊರೆತದ್ದು ಮೇಲೆ ಹೇಳಿದ ವೇಷ ಕಳಚಿದ ಕನ್ನಡ. ಅದನ್ನು ಯುನಿಕೋಡಿಗೆ ತರಲು ಪರಿವರ್ತಕ ತಂತ್ರಾಂಶಗಳಿವೆ. ಅವು ಕೆಲಸದ ಬಹುಭಾಗವನ್ನು ಕ್ಷಣಾರ್ಧದಲ್ಲಿ ಮುಗಿಸುತ್ತವೆ. ಉಳಿದ ಸ್ವಲ್ಪ ಭಾಗವೇ ತಿಂಗಳುಗಟ್ಟಲೆ ಹಿಡಿಯುತ್ತದೆ.

ಕಾರಣ ಇಷ್ಟು: ಹಳೆಯ ಫಾಂಟುಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಶೇಖರವಾಗುತ್ತವೆ, ಯುನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ. ‘ಧರ್ಮ’ ಎಂಬಲ್ಲಿ ಅರ್ಕಾವತ್ತು ‘ಮ’ಕಾರದ ನಂತರ ಕಾಣುತ್ತದೆ, ಆದರೆ ಉಚ್ಚಾರದಲ್ಲಿ ರೇಫವು ಮೊದಲು ಬರುತ್ತದೆ. ಪರಿವರ್ತಕವು ಪ್ರತಿಯೊಂದು ಅರ್ಕಾವತ್ತನ್ನೂ ಹಿಂದಕ್ಕೆ ಕೊಂಡೊಯ್ದು ಸರಿಯಾದ ಜಾಗದಲ್ಲಿಡಬೇಕು. ಒತ್ತಕ್ಷರದ ಮೇಲೆ ಅರ್ಕಾವತ್ತು ಬಂದಲ್ಲಿ ಅದು ತಪ್ಪುವುದುಂಟು. ಇನ್ನು ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ವಿಳಾಸಗಳನ್ನೂ ಪರಿವರ್ತಕವು ಕನ್ನಡವೆಂದೇ ಭಾವಿಸಿ ಅರ್ಥವಿಲ್ಲದ ಅಕ್ಷರಮಾಲೆಯಾಗಿಸುತ್ತದೆ. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮೊದಲಾದವುಗಳಲ್ಲಿ ಸಿದ್ಧವಾದ ಸ್ಮರಣ ಸಂಚಿಕೆಗಳಿಗೆ ಬೇರೆ ಬೇರೆ ಪರಿವರ್ತಕಗಳೇ ಬೇಕು. ಆದ್ದರಿಂದ ಹಳೆಯ ಕಡತ ಯಾವ ತಂತ್ರಾಂಶದಲ್ಲಿ, ಯಾವ ಫಾಂಟಿನಲ್ಲಿ ತಯಾರಾಯಿತೆಂಬುದನ್ನು ಮುದ್ರಣಾಲಯದವರಿಂದ ಕೇಳಿ ಬರೆದಿಟ್ಟುಕೊಳ್ಳಬೇಕು.

ಕೊನೆಯಲ್ಲಿ ಕರಡು ತಿದ್ದುವುದಕ್ಕೆ ಮನುಷ್ಯರೇ ಬೇಕು. ನಮ್ಮಲ್ಲಿ ಈ ಕೆಲಸವನ್ನು ಮಾಡಿದವರು ನಿವೃತ್ತ ಶಿಕ್ಷಕರು. ಗಣಕವನ್ನು ಅಷ್ಟಾಗಿ ಬಳಸದ ಅವರಿಗೆ ಪುಟಗಳನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಟ್ಟೆವು. ಅವರು ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟರು. ಯುವಕರು ಅದನ್ನು ಗಣಕಕ್ಕೆ ಏರಿಸಿದರು. ಒಂದು ಸಂದರ್ಶನವನ್ನು ತಿದ್ದುತ್ತಿದ್ದ ಹಿರಿಯರೊಬ್ಬರು, ಅದರಲ್ಲಿ ಮಾತನಾಡಿದ್ದ ತಮ್ಮ ದಿವಂಗತ ಗೆಳೆಯರ ಉತ್ತರಗಳನ್ನು ಗಟ್ಟಿಯಾಗಿ ಓದಿ, ‘ಅವನು ಹೀಗೆಯೇ ಮಾತಾಡುತ್ತಿದ್ದ’ ಎಂದರು. ಹಳೆಯ ಪುಟಗಳನ್ನು ಬಿಟ್ಟುಬಿಡೋಣವೆಂಬ ಮಾತು ಸಮಿತಿಯಲ್ಲಿ ಆ ಮೇಲೆ ಬರಲಿಲ್ಲ.

ಚಿತ್ರರೂಪದ ಪುಟಗಳ ಬಗೆಗೂ ಒಂದು ಮಾತು. ಸ್ಮರಣ ಸಂಚಿಕೆಯನ್ನು ಸ್ಕ್ಯಾನ್ ಮಾಡಿ ಏರಿಸಿದರೆ ಅದು ಸಂರಕ್ಷಣೆಯ ಮೊದಲ ಹೆಜ್ಜೆ ಮಾತ್ರ. ಚಿತ್ರದೊಳಗಿನ ಅಕ್ಷರಗಳನ್ನು ಹುಡುಕುಯಂತ್ರಗಳು ಎಲ್ಲ ಕಡೆಯೂ ಓದಲಾರವು. ದೃಷ್ಟಿದೋಷವುಳ್ಳವರು ಬಳಸುವ ಪರದೆ-ವಾಚಕ ತಂತ್ರಾಂಶಗಳಿಗೂ ಅವು ಸಹಜವಾಗಿ ನಿಲುಕುವುದಿಲ್ಲ. ಯುನಿಕೋಡ್ ಪಠ್ಯವಾದರೆ ಗಣಕವು ಅದನ್ನು ಕನ್ನಡದಲ್ಲಿ ಓದಿ ಹೇಳಬಲ್ಲದು. ಕನ್ನಡದ ಅಕ್ಷರ ಗುರುತಿಸುವ ತಂತ್ರಾಂಶಗಳು ಈಗ ಉಚಿತವಾಗಿಯೇ ದೊರೆಯುತ್ತವೆ.

ಮೂರನೆಯ ಪಾಠ: ಕನ್ನಡ ಲಿಪಿಗೆ ತಕ್ಕ ವಿನ್ಯಾಸ

ಸಿದ್ಧ ವಿನ್ಯಾಸಗಳು ಬಹುಪಾಲು ಇಂಗ್ಲಿಷನ್ನು ಉದ್ದೇಶಿಸಿದವು. ಕನ್ನಡದ ಅಕ್ಷರಗಳಿಗೆ ಕೆಳಗೆ ಒತ್ತು, ಮೇಲೆ ಗುಣಿತದ ಚಿಹ್ನೆ ಇರುವುದರಿಂದ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು. ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಕಡಿಮೆ ಅಂತರವಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಇಂಗ್ಲಿಷಿನಲ್ಲಿ ಚೆನ್ನಾಗಿ ಕಾಣುವ ಅಕ್ಷರ ಗಾತ್ರವು ಕನ್ನಡದಲ್ಲಿ ಚಿಕ್ಕದೆನಿಸುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ-ಸಣ್ಣಕ್ಷರ ಭೇದವಿಲ್ಲ. ಓರೆ ಅಕ್ಷರದ ಸಂಪ್ರದಾಯವೂ ಇಲ್ಲ. ಹಾಗಾಗಿ ಶೀರ್ಷಿಕೆಗಳನ್ನು ಗಾತ್ರ, ದಪ್ಪ ಮತ್ತು ಬಿಡಿಜಾಗದಿಂದಲೇ ಎತ್ತಿ ತೋರಿಸಬೇಕು. ಸಂಧಿ-ಸಮಾಸಗಳಿಂದ ಉದ್ದವಾಗುವ ನಮ್ಮ ಪದಗಳು ದೂರವಾಣಿಯ ಕಿರುಪರದೆಯ ಅಂಚನ್ನು ದಾಟದಂತೆ ನೋಡಿಕೊಳ್ಳುವುದೂ ಅಗತ್ಯ. ‘ರಾಜ್ಯೋತ್ಸವ ಪ್ರಶಸ್ತಿಪುರಸ್ಕೃತರೊಂದಿಗೆ’ ಎಂಬ ಶೀರ್ಷಿಕೆಯನ್ನು ಪರೀಕ್ಷೆಗೆ ಇಟ್ಟುಕೊಳ್ಳಬಹುದು.

ಬಣ್ಣದ ವಿಷಯದಲ್ಲಿ ನಮ್ಮೆಲ್ಲರ ಒಲವು ಒಂದೇ: ಹಳದಿಯ ಮೇಲೆ ಕೆಂಪು. ಬಾವುಟಕ್ಕೆ ಅದು ಭೂಷಣ, ಓದಿಗೆ ಅಲ್ಲ. ಜಾಲಪುಟಗಳ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯ 2008ರ ಆವೃತ್ತಿಯು ಸಾಮಾನ್ಯ ಪಠ್ಯಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಹೊಳಪಿನ ಅನುಪಾತವನ್ನು ಕೇಳುತ್ತದೆ. ಅಪ್ಪಟ ಕೆಂಪು ಮತ್ತು ಅಪ್ಪಟ ಹಳದಿಯ ನಡುವಿನ ಅನುಪಾತ ಸುಮಾರು 3.7 ಮಾತ್ರ. ಕೆಂಪನ್ನು ಗಾಢವಾದ ಕಂದುಗೆಂಪಾಗಿಸಿದರೆ ಅದು 10ನ್ನು ಮುಟ್ಟುತ್ತದೆ. ಅಭಿಮಾನವೂ ಉಳಿಯುತ್ತದೆ, ಹಿರಿಯರ ಕಣ್ಣೂ ಉಳಿಯುತ್ತದೆ.

ಛಾಯಾಚಿತ್ರಗಳನ್ನು ಕ್ಯಾಮೆರಾದಿಂದ ಬಂದ ಗಾತ್ರದಲ್ಲಿಯೇ ಏರಿಸದೆ ಕುಗ್ಗಿಸಿ ಏರಿಸಬೇಕು. ಮೂಲ ಪ್ರತಿಯನ್ನು ಬೇರೆಡೆ ಕಾಪಿಡಬೇಕು. ಅದಕ್ಕಿಂತ ಮುಖ್ಯವಾದದ್ದು ಚಿತ್ರದ ಕೆಳಗಿನ ಬರಹ. ‘ಎಡದಿಂದ ಬಲಕ್ಕೆ’ ಎಂದು ಹೆಸರುಗಳನ್ನೂ ವರ್ಷವನ್ನೂ ಅಂದೇ ಬರೆಯದಿದ್ದರೆ ಇಪ್ಪತ್ತು ವರ್ಷಗಳ ನಂತರ ಆ ಚಿತ್ರದಲ್ಲಿ ಉಳಿಯುವುದು ಅಪರಿಚಿತರ ಒಂದು ಸಾಲು.

ನಾಲ್ಕನೆಯ ಪಾಠ: ಶೇಖರಣೆ, ಹುಡುಕಾಟ, ಅಕಾರಾದಿ

ಯುಟಿಎಫ್-8 ವಿಧಾನದಲ್ಲಿ ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಕಣ್ಣಿಗೆ ಮೂರು ಅಕ್ಷರವಾಗಿ ಕಾಣುವ ‘ಕನ್ನಡ’ ಪದದಲ್ಲಿ ಐದು ಸಂಕೇತಗಳಿವೆ; ಅಂದರೆ 15 ಬೈಟ್. ಬೈಟ್ ಲೆಕ್ಕದಲ್ಲಿ ಮಿತಿಯಿರುವ ಕಡೆ ಉದ್ದನೆಯ ಶೀರ್ಷಿಕೆ ನಡುವೆಯೇ ಕತ್ತರಿಸಿಹೋಗುವುದು ಇದರಿಂದಲೇ. ದತ್ತಸಂಚಯವನ್ನು ಯುನಿಕೋಡಿಗೆ ಹೊಂದಿಸದಿದ್ದರೆ ಕನ್ನಡದ ಅಕ್ಷರವೊಂದೊಂದೂ ಒಂದು ಪ್ರಶ್ನಾರ್ಥಕ ಚಿಹ್ನೆಯಾಗಿ ಶೇಖರವಾಗುತ್ತದೆ. ಬಹುಬಳಕೆಯ ಮೈಎಸ್‌ಕ್ಯುಎಲ್‌ನಲ್ಲಿ 2018ರ 8.0 ಆವೃತ್ತಿಯವರೆಗೆ ಈ ಹೊಂದಾಣಿಕೆಯನ್ನು ನಾವೇ ಮಾಡಬೇಕಾಗಿತ್ತು. ಗಮನಿಸಬೇಕಾದುದೆಂದರೆ, ಒಮ್ಮೆ ಪ್ರಶ್ನಾರ್ಥಕವಾಗಿ ಶೇಖರವಾದ ಪಠ್ಯವನ್ನು ಯಾವ ಉಪಾಯದಿಂದಲೂ ಮರಳಿ ಪಡೆಯಲಾಗದು. ತಾಣವನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ ಹಳೆಯದನ್ನು ಅಳಿಸುವ ಮುನ್ನ ಹೊಸದರಲ್ಲಿ ನಾಲ್ಕಾರು ಪುಟಗಳನ್ನು ತೆರೆದು ನೋಡಲೇಬೇಕು.

ಹುಡುಕಾಟದಲ್ಲಿ ಕಣ್ಣಿಗೆ ಕಾಣದ ತೊಡಕುಗಳಿವೆ. ‘ರಾಜ್‌ಕುಮಾರ್’ ಎಂದು ಅರ್ಧಾಕ್ಷರವನ್ನು ಬಿಡಿಸಿ ಬರೆಯಲು ನಡುವೆ ಒಂದು ಅದೃಶ್ಯ ಸಂಕೇತವನ್ನು ಇಡಬೇಕಾಗುತ್ತದೆ. ಅದನ್ನು ಬಿಟ್ಟು ಬರೆದರೆ ‘ರಾಜ್ಕುಮಾರ್’ ಎಂದಾಗುತ್ತದೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ಹಾಗೆಯೇ 2006 ಎಂದು ಹುಡುಕಿದವರಿಗೆ ೨೦೦೬ ಎಂದಿರುವ ವರದಿ ದೊರೆಯದು. ಅಂಕಿಗಳನ್ನು ಯಾವ ಬಗೆಯಲ್ಲಿ ಬರೆಯಬೇಕು, ವ್ಯಕ್ತಿನಾಮಗಳ ಕಾಗುಣಿತ ಹೇಗಿರಬೇಕು ಎಂಬ ಒಂದು ಪುಟದ ನಿಯಮಾವಳಿಯನ್ನು ಆರಂಭದಲ್ಲಿಯೇ ಮಾಡಿಕೊಂಡರೆ ಮುಂದಿನ ಶ್ರಮ ತಪ್ಪುತ್ತದೆ. ಹುಡುಕುವಾಗ ಅದೃಶ್ಯ ಸಂಕೇತಗಳನ್ನು ಲೆಕ್ಕಿಸದಂತೆ ಮಾಡಲು ತಂತ್ರಜ್ಞರಿಗೆ ಹೇಳಬೇಕು.

ಅಕಾರಾದಿ ಪಟ್ಟಿಯಲ್ಲಿಯೂ ಎಚ್ಚರ ಬೇಕು. ಯುನಿಕೋಡ್ ಕೋಷ್ಟಕದಲ್ಲಿ ‘ಳ’ಕಾರವು ‘ಲ’ಕಾರದ ಪಕ್ಕದಲ್ಲಿದೆ; ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ಕಾರದ ನಂತರ ಬರುತ್ತದೆ. ಸಂಕೇತದ ಕ್ರಮದಲ್ಲಿಯೇ ಜೋಡಿಸಿದರೆ ‘ಕಳಸ’ವು ‘ಕವಿತೆ’ಗಿಂತ ಮೊದಲು ಬರುತ್ತದೆ. ಕನ್ನಡದ ಜೋಡಣಾಕ್ರಮವನ್ನು ತಂತ್ರಾಂಶದಲ್ಲಿ ಪ್ರತ್ಯೇಕವಾಗಿ ಆರಿಸಿಕೊಳ್ಳಬೇಕು.

ಐದನೆಯ ಪಾಠ: ಲೋಕಾರ್ಪಣೆಯ ದಿನ

ತಾಣದ ಉದ್ಘಾಟನೆಯನ್ನು ರಾಜ್ಯೋತ್ಸವದ ವೇದಿಕೆಯಲ್ಲಿ ನಡೆಸುವುದು ಎಲ್ಲ ಸಂಘಗಳ ಆಸೆ. ನಾವೂ ಹಾಗೆಯೇ ಮಾಡಿದೆವು. ಸರ್ವರ್ ಬದಲಾವಣೆಯನ್ನು ಅಂದು ಬೆಳಿಗ್ಗೆ ಮಾಡಿದ್ದೆವು. ಸಂಜೆ ಮುಖ್ಯ ಅತಿಥಿಗಳು ಕೀಲಿಯನ್ನು ಒತ್ತಿದಾಗ ಪರದೆಯ ಮೇಲೆ ಮೂಡಿದ್ದು ‘ಈ ಪುಟ ನಿರ್ಮಾಣ ಹಂತದಲ್ಲಿದೆ’ ಎಂಬ ಹಳೆಯ ಪುಟ. ಸಭಿಕರು ಅದಕ್ಕೂ ಚಪ್ಪಾಳೆ ತಟ್ಟಿದರು. ಡೊಮೈನ್ ಹೆಸರು ಯಾವ ಸರ್ವರ್‌ಗೆ ಸೇರಿದ್ದೆಂಬ ಮಾಹಿತಿಯನ್ನು ಅಂತರಜಾಲ ಸೇವೆ ನೀಡುವವರು ನಿಗದಿತ ಅವಧಿಯವರೆಗೆ ತಮ್ಮಲ್ಲಿ ಇಟ್ಟುಕೊಂಡಿರುತ್ತಾರೆ. ಆ ಅವಧಿಯನ್ನು ಕೆಲವು ದಿನ ಮುಂಚೆಯೇ ಐದು-ಹತ್ತು ನಿಮಿಷಕ್ಕೆ ಇಳಿಸಿ, ಬದಲಾವಣೆಯನ್ನು ವಾರದ ಮೊದಲೇ ಮುಗಿಸಿದ್ದರೆ ಈ ಮುಜುಗರ ತಪ್ಪುತ್ತಿತ್ತು.

ಎಲ್ಲ ಬಲವೂ ಇದ್ದ ದೊಡ್ಡವರೂ ಈ ಹಂತದಲ್ಲಿ ಎಡವಿದ್ದಾರೆ. ಅಮೆರಿಕದ ಕೇಂದ್ರ ಸರ್ಕಾರವು ಆರೋಗ್ಯ ವಿಮೆಗಾಗಿ 2013ರ ಅಕ್ಟೋಬರ್ 1ರಂದು ತೆರೆದ ‘ಹೆಲ್ತ್‌ಕೇರ್ ಡಾಟ್ ಗವ್’ ತಾಣದಲ್ಲಿ ಮೊದಲ ದಿನ ನೋಂದಣಿಯನ್ನು ಪೂರ್ತಿಗೊಳಿಸಲು ಸಾಧ್ಯವಾದದ್ದು ಕೇವಲ ಆರು ಜನರಿಗೆ. ಅನೇಕ ಗುತ್ತಿಗೆದಾರರು ಬೇರೆ ಬೇರೆ ಭಾಗಗಳನ್ನು ಕಟ್ಟಿದ್ದರು. ಇಡೀ ವ್ಯವಸ್ಥೆಯನ್ನು ಆದಿಯಿಂದ ಅಂತ್ಯದವರೆಗೆ ಸಾಕಷ್ಟು ಪರೀಕ್ಷಿಸಿರಲಿಲ್ಲ. ವಿಮೆಯ ವಿವರ ನೋಡುವುದಕ್ಕೂ ಮೊದಲು ಖಾತೆ ತೆರೆಯಬೇಕೆಂಬ ನಿಯಮದಿಂದ ಒತ್ತಡವೆಲ್ಲ ಒಂದೇ ಬಾಗಿಲಿಗೆ ಬಿದ್ದಿತು. ಚಿಕ್ಕ ಸಂಘವೂ ಇದರಿಂದ ಕಲಿಯಬೇಕಾದದ್ದಿದೆ: ಕಾರ್ಯಕ್ರಮ ಪಟ್ಟಿ ನೋಡಲು ಸದಸ್ಯತ್ವದ ಗುಪ್ತಪದ ಕೇಳಬಾರದು, ತಾಣವನ್ನು ಎರಡು-ಮೂರು ವಾರ ಮೊದಲೇ ಸದ್ದಿಲ್ಲದೆ ತೆರೆದು, ಹತ್ತಾರು ಸದಸ್ಯರಿಗೆ ತಮ್ಮ ಮನೆಯ ಗಣಕದಲ್ಲಿ, ಕೈಯಲ್ಲಿರುವ ಹಳೆಯ ದೂರವಾಣಿಯಲ್ಲಿ ನೋಡಲು ಹೇಳಬೇಕು. ‘ಚೆನ್ನಾಗಿದೆಯೇ?’ ಎಂದು ಕೇಳಿದರೆ ಎಲ್ಲರೂ ‘ಚೆನ್ನಾಗಿದೆ’ ಎನ್ನುತ್ತಾರೆ. ‘ಸಭಾಗೃಹದ ಬಾಡಿಗೆ ಎಷ್ಟೆಂದು ಹುಡುಕಿ ಹೇಳಿ’ ಎಂದು ಕೇಳಿ, ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಿದರೆ ದೋಷಗಳೆಲ್ಲ ಕಾಣುತ್ತವೆ. ವೇದಿಕೆಯ ಸಮಾರಂಭ ಆ ಮೇಲೆ ನಡೆಯಲಿ.

ಆರನೆಯ ಪಾಠ: ಒಡೆತನ ಮತ್ತು ಮುಂದುವರಿಕೆ

ನಮ್ಮ ಮೊದಲ ತಾಣ ಕಳೆದುಹೋದದ್ದು ತಂತ್ರಜ್ಞಾನದ ದೋಷದಿಂದಲ್ಲ. ಡೊಮೈನ್ ಹೆಸರನ್ನು ಉತ್ಸಾಹಿ ಸದಸ್ಯರೊಬ್ಬರು ತಮ್ಮ ಹೆಸರಿನಲ್ಲಿ, ತಮ್ಮ ಕಚೇರಿಯ ಮಿಂಚಂಚೆ ವಿಳಾಸ ಕೊಟ್ಟು ನೋಂದಾಯಿಸಿದ್ದರು. ಅವರು ಉದ್ಯೋಗ ಬದಲಿಸಿ ಬೇರೆ ಊರಿಗೆ ಹೋದರು. ನವೀಕರಣದ ಎಚ್ಚರಿಕೆಗಳೆಲ್ಲ ಯಾರೂ ತೆರೆಯದ ಆ ವಿಳಾಸಕ್ಕೆ ಹೋದವು. ಅವರ ತಪ್ಪೇನೂ ಇರಲಿಲ್ಲ. ಕೇಳಿ ಪಡೆಯದಿದ್ದ ಸಮಿತಿಯ ತಪ್ಪು. ಅಂತರರಾಷ್ಟ್ರೀಯ ಡೊಮೈನ್‌ಗಳಲ್ಲಿ ಅವಧಿ ಮುಗಿದು ಹೆಸರು ಅಳಿಸಿದ ನಂತರವೂ ಸಾಮಾನ್ಯವಾಗಿ 30 ದಿನಗಳ ವಿಮೋಚನಾ ಅವಧಿಯಿರುತ್ತದೆ, ಹೆಚ್ಚಿನ ಶುಲ್ಕ ಕೊಟ್ಟು ಹೆಸರನ್ನು ಉಳಿಸಿಕೊಳ್ಳಬಹುದು. ನಮಗೆ ವಿಷಯ ತಿಳಿಯುವ ವೇಳೆಗೆ ಅದೂ ಮುಗಿದಿತ್ತು.

ಆದ್ದರಿಂದ ಡೊಮೈನ್ ಸಂಘದ ಹೆಸರಿನಲ್ಲಿರಬೇಕು. ಮಿಂಚಂಚೆ ವಿಳಾಸ ವ್ಯಕ್ತಿಯದಾಗಿರದೆ ಹುದ್ದೆಯದಾಗಿರಬೇಕು. ಗುಪ್ತಪದಗಳು ಮುಚ್ಚಿದ ಲಕೋಟೆಯಲ್ಲಿ ಸಂಘದ ದಾಖಲೆಗಳೊಡನೆ ಇದ್ದು, ಸಮಿತಿ ಬದಲಾದಾಗ ಲೆಕ್ಕಪತ್ರಗಳಂತೆಯೇ ಹಸ್ತಾಂತರವಾಗಬೇಕು. ನವೀಕರಣದ ದಿನಾಂಕ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿರಲಿ. ಉಚಿತ ಸ್ಥಳವನ್ನು ಮಾತ್ರ ನಂಬಬಾರದು. ಲಕ್ಷಾಂತರ ಪುಟಗಳಿಗೆ ಆಶ್ರಯವಾಗಿದ್ದ ಜಿಯೋಸಿಟೀಸ್ ಸೇವೆಯನ್ನು ಯಾಹೂ 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ತಾಣದ ಪೂರ್ಣ ಪ್ರತಿಯೊಂದು ಸಂಘದ ಕಚೇರಿಯಲ್ಲಿ, ಇನ್ನೊಂದು ಬೇರೆ ಸ್ಥಳದಲ್ಲಿ ಇರಬೇಕು. ಆರು ತಿಂಗಳಿಗೊಮ್ಮೆ ಅದನ್ನು ತೆರೆದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ನಂಬಲಾಗದು.

ಸದಸ್ಯರ ಪಟ್ಟಿಯ ವಿಷಯದಲ್ಲಿಯೂ ಜಾಗ್ರತೆ ಬೇಕು. ಹಿಂದೆ ಸ್ಮರಣ ಸಂಚಿಕೆಯಲ್ಲಿ ಎಲ್ಲರ ವಿಳಾಸ, ದೂರವಾಣಿಗಳನ್ನು ಅಚ್ಚು ಹಾಕುವುದು ವಾಡಿಕೆಯಾಗಿತ್ತು. ಅದು ಕೆಲವು ನೂರು ಮನೆಗಳಲ್ಲಿ ಉಳಿಯುತ್ತಿತ್ತು. ಅದನ್ನೇ ಜಾಲಕ್ಕೆ ಏರಿಸಿದರೆ ಜಗತ್ತಿಗೆಲ್ಲ ತೆರೆದಿಟ್ಟಂತೆ. 2023ರಲ್ಲಿ ನಮ್ಮ ದೇಶದಲ್ಲಿಯೂ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆ ಬಂದಿದೆ. ಒಪ್ಪಿಗೆಯಿಲ್ಲದೆ ಯಾರ ಸಂಪರ್ಕ ವಿವರವನ್ನೂ ಪ್ರಕಟಿಸದಿರುವುದು ಕ್ಷೇಮ.

ಕೊನೆಯದಾಗಿ

ಈ ಪಾಠಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಕಾಗಿಲ್ಲ. ಯುನಿಕೋಡ್ ಉಚಿತ; ನೋಟೋ ಮುಂತಾದ ಕನ್ನಡ ಫಾಂಟುಗಳು ಉಚಿತ; ತಾಣ ಕಟ್ಟುವ ತಂತ್ರಾಂಶಗಳೂ ಉಚಿತ. ಬೇಕಾದುದು ಒಂದು ಸಣ್ಣ ನಿಯಮಾವಳಿ, ವಾರಕ್ಕೆ ಕೆಲವು ಗಂಟೆ ಕೊಡಬಲ್ಲ ಇಬ್ಬರು-ಮೂವರು, ಮತ್ತು ಅಧಿಕಾರ ಬಿಟ್ಟುಹೋಗುವಾಗ ಬೀಗದ ಕೈಯನ್ನು ಒಪ್ಪಿಸಿ ಹೋಗುವ ಶಿಸ್ತು.

ತಮ್ಮ ಸಂಘದಲ್ಲಿ ಹಳೆಯ ಸಿ.ಡಿ.ಗಳು, ಮುದ್ರಣಾಲಯದಿಂದ ಬಂದ ಕಡತಗಳು, ಸ್ಮರಣ ಸಂಚಿಕೆಗಳು ಇದ್ದರೆ ಅವನ್ನು ಈ ವರ್ಷವೇ ಹೊರತೆಗೆದು ನೋಡಬೇಕೆಂದು ಓದುಗರಲ್ಲಿ ವಿನಂತಿ. ಸಿ.ಡಿ.ಗಳು ಕೆಡುತ್ತವೆ, ಅವನ್ನು ಓದುವ ಯಂತ್ರಗಳು ವಿರಳವಾಗುತ್ತಿವೆ, ಆ ಬರಹಗಳನ್ನು ಕಂಡು ‘ಇದು ಇಂಥವರದು’ ಎಂದು ಗುರುತಿಸಬಲ್ಲ ಹಿರಿಯರೂ ಪ್ರತಿವರ್ಷ ಕಡಿಮೆಯಾಗುತ್ತಿದ್ದಾರೆ. ನಮ್ಮ ಹಳೆಯ ತಾಣದಲ್ಲಿದ್ದ ಸಂದರ್ಶನಗಳಲ್ಲಿ ಏಳು ಮಾತ್ರ ಮರಳಿ ದೊರೆತಿವೆ. ಉಳಿದವುಗಳಲ್ಲಿ ಮಾತನಾಡಿದ್ದವರನ್ನು ಇನ್ನೊಮ್ಮೆ ಕೇಳುವ ಅವಕಾಶ ಈಗ ಇಲ್ಲ.